ಮುಕ್ತಾಳ ನಿದ್ದೆಗೆ ತಿರುಗಿದ ಗಿರಣಿ

ಹೋದ ವಾರ ಪಕ್ಕದ ಮನೆಯಾಕೆ ಒಂದು ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿಟ್ಟು ಹೋದರು. "ಈಗಷ್ಟ ಬೀಸಿಕೊಂಡ ಬಂದೇನ್ರಿ, ಹೊಸಾ ಬಿಳಿಜ್ವಾಳ. ರೊಟ್ಟಿ ಭಾಳ ಚೊಲೊ ಆಗ್ತಾವು," ಎಂದರು. ಡಬ್ಬಿ ಇನ್ನೂ ಬೆಚ್ಚಗಿತ್ತು. ಮುಚ್ಚಳ ತೆಗೆದೆ. ಬಿಸಿ ಹಿಟ್ಟಿನ ಆ ವಾಸನೆ... ಸುಟ್ಟದ್ದೂ ಅಲ್ಲ, ಹಸಿಯೂ ಅಲ್ಲ. ಕಲ್ಲು, ಕಾಳು, ಮೋಟಾರಿನ ಕಾವು ಮೂರೂ ಬೆರೆತದ್ದು. ಬಸವನ ಬಾಗೇವಾಡಿಗೆ ಬಂದ ಮೇಲೆ ನಾನು ಅಂಗಡಿಯ ಪಾಕೀಟಿನ ಹಿಟ್ಟನ್ನೇ ತರುತ್ತೇನೆ. ಗಿರಣಿ ದೂರವೇನಿಲ್ಲ, ಎರಡು ಓಣಿಯ ಆಚೆಗಿದೆ. ಆದರೂ ಹೋಗುವುದಿಲ್ಲ. ಅವತ್ತು ಆ ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದದ್ದೂ ಗೊತ್ತಾಗಲಿಲ್ಲ.

ನೆನಪಾದದ್ದು ಸಿಂದಗಿಯ ಗಿರಣಿ ಕಾಕಾ.

ಆಗ ನಾವು ಸಿಂದಗಿಯಲ್ಲಿ, ಕನ್ನೊಳ್ಳಿಗೆ ಹೋಗುವ ರಸ್ತೆಗೆ ಹತ್ತಿಕೊಂಡ ಓಣಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡ ಆಲಮೇಲದ ಹೈಸ್ಕೂಲಿನಲ್ಲಿ ಮಾಸ್ತರರು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೇ. ನಮ್ಮ ಮಲಗುವ ಕೋಣೆಗೂ ಪಕ್ಕದ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಕಾರಣಕ್ಕೇ ಯಾರೂ ಆ ಮನೆಗೆ ಬಾಡಿಗೆಗೆ ಬರುತ್ತಿರಲಿಲ್ಲವಂತೆ. ಗಿರಣಿಯ ಯಜಮಾನರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಕಾಕು. ಎತ್ತರದ ಒಣಕಲು ಮನುಷ್ಯ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲಕ್ಕೂ ಹಿಟ್ಟು ಹತ್ತಿ ಬೆಳ್ಳಗಿರುತ್ತಿದ್ದವು. ಸಂಜೆ ಮುಖ ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತರೆ ಬೇರೆ ಯಾರೋ ಬಂದು ಕುಳಿತಂತೆ ಕಾಣುತ್ತಿತ್ತು. ಜೀವನವಿಡೀ ಮೋಟಾರಿನ ಸಪ್ಪಳದಲ್ಲಿ ಮಾತಾಡಿದ್ದರಿಂದ ಮನೆಯಲ್ಲೂ ಗಂಟಲು ಹರಿಯುವಂತೆ ಕೂಗುತ್ತಿದ್ದರು. "ನನಗೇನ ಕಿವುಡಿ ಅಂದ್ಕೊಂಡೀರೇನ?" ಎಂದು ಕಾಕು ಗದರುವುದು ದಿನಾ ಕೇಳಿಸುತ್ತಿತ್ತು.

ನನ್ನ ಮಗಳು ಮುಕ್ತಾಳಿಗೆ ಆಗ ಆರು ವರ್ಷ. ಆಟಿಸಂ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು. ಮಾತು ನಾಲ್ಕೈದು, ಅವೂ ಬೇಕಾದಾಗ ಬರುತ್ತಿರಲಿಲ್ಲ. ಏನಾದರೂ ಬೇಕೆಂದರೆ ನಮ್ಮ ಕೈ ಹಿಡಿದು ಅದರ ಹತ್ತಿರ ಒಯ್ಯುತ್ತಿದ್ದಳು. ಮಾತಿಲ್ಲದ್ದಕ್ಕೆ ನಾನು ಹೇಗೋ ಹೊಂದಿಕೊಂಡಿದ್ದೆ. ತಡೆಯಲಾಗದೇ ಇದ್ದದ್ದು ನಿದ್ದೆಯಿಲ್ಲದ್ದು. ಓಣಿಯೆಲ್ಲ ಮಲಗಿದ ಮೇಲೆ ಅವಳ ದಿನ ಶುರುವಾಗುತ್ತಿತ್ತು. ಕೋಣೆಯಿಂದ ಕೋಣೆಗೆ ಓಡುವುದು, ತಾನೇ ನಗುವುದು, ಕಬ್ಬಿಣದ ಕಪಾಟಿನ ಬಾಗಿಲನ್ನು ಹೊಡೆಯುವುದು. ಅವಳು ಚಿಲಕ ತೆಗೆದು ಬೀದಿಗೆ ಹೋಗಿಬಿಟ್ಟಾಳೆಂದು ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಬೆಳಕು ಹರಿಯುವ ಹೊತ್ತಿಗೆ ಎಲ್ಲಿ ಬಿದ್ದಳೋ ಅಲ್ಲೇ ಮಲಗುತ್ತಿದ್ದಳು. ಮತ್ತೆ ಹಗಲೆಲ್ಲ ತೂಕಡಿಕೆ. ಸುಮ್ಮನಿರಲಿ ಎಂದು ಕೈಗೆ ಮೊಬೈಲ್ ಕೊಡುತ್ತಿದ್ದೆ. ಅದರ ಬೆಳಕಿನಿಂದ ಇನ್ನಷ್ಟು ಎಚ್ಚರ.

ನಿದ್ದೆ ಕೆಟ್ಟು ಕೆಟ್ಟು ನಾನೊಂದು ತರಹ ಆಗಿದ್ದೆ. ಪಲ್ಯಕ್ಕೆ ಉಪ್ಪು ಹಾಕಿದ್ದೆನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಗಂಡನ ಅಂಗಿಯನ್ನು ಇಸ್ತ್ರಿ ಮಾಡುತ್ತ ನಿಂತಲ್ಲೇ ಕಣ್ಣು ಮುಚ್ಚಿ, ಅಂಗಿ ಸುಟ್ಟು ಹೊಗೆಯೆದ್ದಾಗ ಎಚ್ಚರವಾಯಿತು.

ಸೋಲಾಪುರದ ಮಕ್ಕಳ ಡಾಕ್ಟರರೊಬ್ಬರು ತಿಂಗಳಿಗೊಮ್ಮೆ ಇಂಡಿಗೆ ಬರುತ್ತಿದ್ದರು. ನಡುವಯಸ್ಸಿನ ಹೆಂಗಸು, ಮರಾಠಿ ಬೆರೆತ ಕನ್ನಡ. ಮುಕ್ತಾಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. "ನಿದ್ದಿ ಗುಳಿಗಿ ಕೊಡ್ರಿ" ಎಂದು ಕೇಳುವವಳಿದ್ದೆ ನಾನು. ಅವರು ಅದಕ್ಕೆ ಅವಸರ ಮಾಡಲಿಲ್ಲ. ಹೊಟ್ಟೆ, ಹಲ್ಲು, ಕಿವಿ ಎಲ್ಲ ನೋಡಿ, ನೋವೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು. "ನಿದ್ದಿನೂ ಕಲಸಬೇಕಾಗ್ತದರಿ, ಅಕ್ಷರಾ ಕಲಸಿದಂಗ. ಈಕಿಗೆ ಮುಂದ ಏನಾಗ್ತದ ಅಂತ ಗೊತ್ತಿದ್ರ ಜೀವಕ್ಕ ಸಮಾಧಾನ. ದಿನಾ ಸಂಜಿ ಅದೇ ಕೆಲಸ, ಅದೇ ಸಾಲಿನಾಗ ಮಾಡ್ರಿ. ಬಾಯಿಲೆ ಹೇಳಬ್ಯಾಡ್ರಿ, ಚಿತ್ರ ತೋರಸ್ರಿ."

ನನ್ನ ಗಂಡ ಅವತ್ತೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು, ಕತ್ತರಿಸಿ, ಗೋಡೆಗೆ ಸಾಲಾಗಿ ಅಂಟಿಸಿದರು. ಮೊದಲು ಸ್ನಾನದ ತಂಬಿಗೆ, ಆಮೇಲೆ ತಾಟು, ಹಲ್ಲುಜ್ಜುವ ಬ್ರಶ್ಶು, ಹೊದೆಯುವ ಕೌದಿ, ಕೊನೆಗೆ ಆರಿಸಿದ ದೀಪ. ಸೂರ್ಯ ಮುಳುಗಿದ ಮೇಲೆ ಮೊಬೈಲ್ ಕಪಾಟಿಗೆ ಹೋಯಿತು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ ಬಿಸಿಲಿಗೆ ಕರೆದುಕೊಂಡು ಹೋಗುತ್ತಿದ್ದೆ. ನನ್ನ ತವರುಮನೆ ಮುದ್ದೇಬಿಹಾಳ. ಅಲ್ಲಿಂದ ಅವ್ವ ಹಳೆಯ ಸೀರೆಗಳ ಕೌದಿ ಹೊಲಿದು ಕಳಿಸಿದಳು. ಅದರ ಭಾರ ಮುಕ್ತಾಳಿಗೆ ಹಿತವಾಗುತ್ತಿತ್ತು. ಸ್ವಲ್ಪ ಸುಧಾರಿಸಿತು ನಿಜ. ಆದರೆ ದೀಪ ಆರಿಸಿದ ಮೇಲಿನ ಹೊತ್ತನ್ನು ಅವಳಿಗೆ ದಾಟಲಾಗುತ್ತಿರಲಿಲ್ಲ. ಕೌದಿಯೊಳಗೆ ಕಣ್ಣು ಬಿಟ್ಟುಕೊಂಡು ಹೊರಳಾಡಿ, ಕೊನೆಗೆ ಎದ್ದೇ ಬಿಡುತ್ತಿದ್ದಳು.

ಒಂದು ದಿನ ಹಗಲೆಲ್ಲ ಕರೆಂಟ್ ಇರಲಿಲ್ಲ. ಸಂಜೆ ಬಂತು. ಕನ್ನೊಳ್ಳಿಯವರ ಚೀಲಗಳು ಉಳಿದಿದ್ದವೆಂದು ಕಾಕಾ ಕತ್ತಲಾದ ಮೇಲೆಯೂ ಗಿರಣಿ ನಡೆಸಿದರು. ಇವತ್ತಿನ ಕಥೆ ಮುಗಿಯಿತು ಎಂದುಕೊಂಡೆ. ಮುಕ್ತಾ ಕೌದಿಯನ್ನು ಎಳೆದುಕೊಂಡು ಹೋಗಿ ಗೋಡೆಗೆ ಕೆನ್ನೆ ಹಚ್ಚಿದಳು. ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿದಳು. ಗೋಡೆ ಸಣ್ಣಗೆ ನಡುಗುತ್ತಿತ್ತು. ಅವಳ ರೆಪ್ಪೆಗಳು ಇಳಿದವು, ಬಾಯಿ ಸಡಿಲಾಯಿತು... ಆ ಮಗು ಅಷ್ಟು ಸುಲಭವಾಗಿ ನಿದ್ದೆಹೋದದ್ದನ್ನು ನಾನು ಹೆತ್ತ ಮೇಲೆ ನೋಡಿದ್ದು ಅದೇ ಮೊದಲು. ಗಿರಣಿ ನಿಂತ ಮೇಲೂ ಏಳಲಿಲ್ಲ.

ಮರುದಿನ ಕಾಕಾಗೆ ಹೇಳಿದೆ. ಅವರು ಕೈಯಲ್ಲಿದ್ದ ಹಿಟ್ಟು ಕೊಡವಿ ನಕ್ಕರು. "ನಮ್ಮ ಗಿರಣಿ ಸಪ್ಪಳಕ್ಕ ಓಣಿ ಮಂದಿ ನನಗ ಶಾಪಾ ಹಾಕ್ತಾರ. ಈ ಕೂಸ ಒಂದು ಜೋಗುಳಾ ಅಂತೈತೇನು? ಬಿಡು ತಂಗಿ, ನಾಕ ಚೀಲಾ ಸಂಜಿಗಂತ ತೆಗದಿಡ್ತೇನಿ. ಎಷ್ಟ ಹೊತ್ತಿಗಿ ಸುರು ಮಾಡ್ಲಿ ಹೇಳು."

ಅವತ್ತಿನಿಂದ ಅದೇ ರೂಢಿಯಾಯಿತು. ಮುಕ್ತಾಳ ಹಲ್ಲುಜ್ಜಿ ಆದ ಕೂಡಲೇ ನಾನು ಗೋಡೆಯನ್ನು ತಟ್ಟುತ್ತಿದ್ದೆ, ಆಚೆ ಮೋಟಾರು ಶುರುವಾಗುತ್ತಿತ್ತು. ಮಧ್ಯಾಹ್ನ ಕಾಳು ತಂದವರಿಗೆ ಕಾಕಾ, "ಸಂಜಿಮುಂದ ಬೀಸಿ ಇಡ್ತೇನಿ, ಮುಂಜಾನೆ ಒಯ್ರಿ," ಎನ್ನುತ್ತಿದ್ದರು. ಒಂದು ದಿನ ಮನೆಗೆ ಬಂದು ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನೋಡಿ, ನನ್ನ ಗಂಡನನ್ನು ಕೇಳಿದರು. "ಮಾಸ್ತರ, ಎಲ್ಲಾ ಚೊಲೊ ಬರದೀರಿ. ನನ್ನ ಗಿರಣಿ ಎಲ್ಲೈತಿ?" ನನ್ನ ಗಂಡ ಅಲ್ಲೇ ಕುಳಿತು ಕೌದಿಗೂ ದೀಪಕ್ಕೂ ನಡುವೆ ಗಿರಣಿಯ ಚಿತ್ರವೊಂದನ್ನು ಬರೆದು ಅಂಟಿಸಿದರು. ಕಾಕಾ ಬಂದವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದರು.

ನಾನು ಮಲಗಿದೆ. ಎಷ್ಟೋ ವರ್ಷಗಳ ನಂತರ, ಕನಸು ಬೀಳುವಷ್ಟು ಮಲಗಿದೆ. ಮುಖಕ್ಕೆ ಬಣ್ಣ ಬಂತು. ಬಿಟ್ಟುಹೋಗಿದ್ದ ನಗು ಬಂತು. ಆ ನಿದ್ದೆಯ ರುಚಿ ಹತ್ತಿದ ಮೇಲೆ ಬೇರೆ ಯಾವುದೂ ನನಗೆ ಕಾಣಲಿಲ್ಲವೆಂದು ಕಾಣುತ್ತದೆ.

ಆ ಬೇಸಿಗೆಯಲ್ಲಿ ನನ್ನ ತಮ್ಮನ ಮದುವೆಗೆಂದು ಮುದ್ದೇಬಿಹಾಳಕ್ಕೆ ಹೋದೆವು. ಕೌದಿಯನ್ನೂ ಚಿತ್ರಗಳನ್ನೂ ಒಯ್ದಿದ್ದೆವು. ಗಿರಣಿ ಎಲ್ಲಿಂದ ಬರಬೇಕು? ನನ್ನ ಗಂಡ ಮೊಬೈಲಿನಲ್ಲಿ ಅದರ ಸಪ್ಪಳವನ್ನು ತುಂಬಿಕೊಂಡು ಬಂದಿದ್ದರು. ಮುಕ್ತಾ ಮೊಬೈಲನ್ನು ಎತ್ತಿ ಎಸೆದಳು. ಅವ್ವನ ಮನೆಯ ಗೋಡೆಗೆಲ್ಲ ಕೆನ್ನೆ ಹಚ್ಚಿ ನೋಡಿದಳು. ಯಾವ ಗೋಡೆಯೂ ನಡುಗಲಿಲ್ಲ. ಬೀಗರು ತುಂಬಿದ ಮನೆಯಲ್ಲಿ ಮದುವೆ ಮುಗಿಯುವ ತನಕ ಅವಳೂ ಮಲಗಲಿಲ್ಲ, ಯಾರನ್ನೂ ಮಲಗಗೊಡಲಿಲ್ಲ.

ಇಂಡಿಯ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನೇರವಾಗಿ ಹೇಳಿದರು. "ಈಗ ಗಿರಣಿ ಮಲಗಸ್ಲಿಕತ್ತದ. ಆಕಿ ತಾನ ಮಲಗೂದು ಕಲೀಬೇಕು. ನಾಳೆ ಗಿರಣಿ ಕೆಟ್ರ, ಆ ಮನಷ್ಯಾ ಊರಿಗೆ ಹೋದ್ರ ಏನ ಮಾಡ್ತೀರಿ? ದಿನಾ ಒಂದೀಟ ಲಗೂ ಬಂದ್ ಮಾಡಸ್ರಿ. ಆಕಿ ಹತ್ರ ನೀವ್ ಕೂಡ್ರಿ, ಮಾತಾಡಬ್ಯಾಡ್ರಿ. ಮೊದಲ ಬೆನ್ನ ಮ್ಯಾಲ ಕೈ ಇರ್ಲಿ. ಆಮ್ಯಾಲ ಕೈ ತಗೀರಿ. ಆಮ್ಯಾಲ ಬಾಗಲಾಗ ಕೂಡ್ರಿ. ಕೆಲವ್ ದಿನಾ ಅಳ್ತಾಳ. ತಡಕೋಬೇಕು."

ತಲೆಯಾಡಿಸಿ ಬಂದೆ. ಕೆಲವು ದಿನ ಅಳುತ್ತಾಳೆ ಎಂಬ ಮಾತು ಮಾತ್ರ ತಲೆಯಲ್ಲಿ ಕುಳಿತಿತ್ತು. ಬರುವ ಸೋಮವಾರದಿಂದ ಶುರುಮಾಡೋಣ ಎಂದೆ. ಸೋಮವಾರ ಬಂತು. ಅವತ್ತು ತಲೆನೋವು. ಪಂಚಮಿ ಮುಗಿಯಲಿ ಎಂದೆ, ದೀಪಾವಳಿ ಮುಗಿಯಲಿ ಎಂದೆ. ಗೋಡೆ ತಟ್ಟಿದರೆ ನಿದ್ದೆ ಸಿಗುವಾಗ ಯಾರು ತಾನೇ...

ದೀಪಾವಳಿಯ ನಂತರ ಚಳಿ ಬಿದ್ದಾಗ ಕಾಕಾಗೆ ಕೆಮ್ಮು ಹತ್ತಿತು. ಮೊದಮೊದಲು ಮೋಟಾರಿನ ಸಪ್ಪಳದಲ್ಲಿ ಅದು ಕೇಳಿಸುತ್ತಿರಲಿಲ್ಲ. ಆಮೇಲೆ ಸಪ್ಪಳವನ್ನೂ ದಾಟಿ ಕೇಳಿಸತೊಡಗಿತು. ಒಂದು ದಿನ ಕಾಕು ನಮ್ಮ ಹಿತ್ತಲಲ್ಲಿ ಕರಿಬೇವು ಮುರಿಯುತ್ತ ಹೇಳಿದರು. "ಎದಿಯಾಗ ಧೂಳ ಕುಂತೈತಂತ, ತಂಗಿ. ಹಿಟ್ಟಿನಾಗ ನಿಂದರಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಹಗಲ ಗಿರಣಿ ಬಂದ್ ಮಾಡ್ಯಾರ. ಸಂಜಿದಷ್ಟ ಬಿಡವಲ್ರು. ಕೂಸ ಮಲಗಬೇಕಲ್ಲ ಅಂತಾರ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು, "ಅಯ್ಯ, ಹೌದೇನ್ರಿ ಕಾಕು," ಎಂದೆ. ಅವತ್ತು ಸಂಜೆ ಗೋಡೆ ತಟ್ಟುವಾಗ ಕೈ ಸ್ವಲ್ಪ ತಡೆಯಿತು. ತಟ್ಟಿದೆ.

ಸಂಕ್ರಾಂತಿ ಇನ್ನೂ ದೂರವಿರುವಾಗಲೇ ಒಂದು ಬೆಳಿಗ್ಗೆ ಕಾಕಾಗೆ ಏದುಸಿರು ಹತ್ತಿತು. ಓಣಿಯವರು ಜೀಪಿನಲ್ಲಿ ಹಾಕಿಕೊಂಡು ವಿಜಯಪುರದ ದವಾಖಾನೆಗೆ ಒಯ್ದರು. ಸಂಜೆ ನಾನು ಅಭ್ಯಾಸಬಲದಿಂದ ಗೋಡೆಯನ್ನು ತಟ್ಟಿ, ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಮುಕ್ತಾ ಗಿರಣಿಯ ಚಿತ್ರಕ್ಕೆ ಬೆರಳಿಟ್ಟಳು. ನನ್ನ ಕೈ ಹಿಡಿದು ಗೋಡೆಗೆ ಬಡಿದಳು. ಮತ್ತೆ ಮತ್ತೆ ಬಡಿದಳು. ಆಮೇಲೆ ಶುರುವಾದ ಅಳು... ಅದನ್ನು ಬರೆಯಲು ಈಗಲೂ ಮನಸ್ಸಾಗುವುದಿಲ್ಲ. ನನ್ನ ಮೊಣಕೈಯನ್ನು ಕಚ್ಚಿದಳು. ನನ್ನ ಗಂಡ ಗಿರಣಿಯ ಚಿತ್ರವನ್ನು ಕಿತ್ತು ಜೇಬಿಗೆ ಹಾಕಿಕೊಂಡು, "ಇನ್ನ ದಾರಿನ ಇಲ್ಲ. ಡಾಕ್ಟರ್ ಹೇಳಿದಂಗ ಮಾಡೂಣು," ಎಂದರು. ಮಾಡಿದೆವು. ಬೆನ್ನ ಮೇಲೆ ಅಂಗೈ ಇಟ್ಟು ಕುಳಿತೆ. ಎದ್ದು ಓಡಿದರೆ ಮಾತಾಡದೆ ಕರೆತಂದು ಅದೇ ಕೌದಿಯ ಕೆಳಗೆ ಮಲಗಿಸಿದೆ. "ರಾತ್ರಿ ಆತು, ಮಲಗೋ ಹೊತ್ತಾತು," ಇಷ್ಟೇ ಮಾತು, ಒಂದೇ ದನಿಯಲ್ಲಿ. ಬೆಳಿಗ್ಗೆ ಎಷ್ಟು ಸುಸ್ತಿದ್ದರೂ ಬಿಸಿಲಿಗೆ ಕರೆದುಕೊಂಡು ಹೋದೆ. ಒಂದು ವಾರ ನರಕ. ಎರಡನೆಯ ವಾರ ಅಳು ತಗ್ಗಿತು. ಬೆನ್ನ ಮೇಲಿನ ಕೈ ತೆಗೆದೆ. ಇನ್ನೂ ಸ್ವಲ್ಪ ದಿನಕ್ಕೆ ಬಾಗಿಲಲ್ಲಿ ಕುಳಿತೆ. ಒಂದು ಮುಂಜಾನೆ ಗಂಡ ನನ್ನನ್ನು ಅಲುಗಾಡಿಸಿ, "ಆಕಿ ಎದ್ದೇ ಇಲ್ಲಲ್ಲ ರಾತ್ರಿ!" ಎಂದರು. ಮುಕ್ತಾ ಮಂಚದ ಮೇಲೆ ಗೋಡೆಯಿಂದ ದೂರ, ಕೈಕಾಲು ಚೆಲ್ಲಿ ಮಲಗಿದ್ದಳು.

ಕುಣಿಯಬೇಕಾಗಿತ್ತು ನಾನು. ಕುಳಿತು ಅತ್ತೆ. ಇಷ್ಟೇ ಆಗಿತ್ತೇ? ಡಾಕ್ಟರ್ ಹೇಳಿದಾಗಲೇ ಶುರುಮಾಡಿದ್ದರೆ ಪಂಚಮಿಯ ಹೊತ್ತಿಗೇ ಮುಗಿದಿರುತ್ತಿತ್ತು. ಆ ಚಳಿಗಾಲದಲ್ಲಿ ಕಾಕಾ ಹಿಟ್ಟಿನ ಧೂಳಿನಲ್ಲಿ ನಿಲ್ಲುವ ಕಾರಣವೇ ಇರುತ್ತಿರಲಿಲ್ಲ.

ಅವರನ್ನು ನೋಡಲು ವಿಜಯಪುರಕ್ಕೆ ಹೋದೆ. ಮುಖದ ಹಿಟ್ಟೆಲ್ಲ ಹೋಗಿ, ಕರ್ರಗೆ ಸಣ್ಣಗೆ ಕಾಣುತ್ತಿದ್ದರು. ಮೂಗಿಗೆ ನಳಿಕೆ. ಕಾಕು ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದರು, ಕಾಕಾ ಮುಖ ತಿರುಗಿಸಿದ್ದರು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಸುಮ್ನ ಒಯ್ದ ಬಿಡ್ರಿ ಮನಿಗಿ," ಎಂದರು ಪಿಸುಗುಟ್ಟಿದಂತೆ. "ನನ್ನಿಂದ ಇನ್ನ ಯಾರಿಗಿ ಏನ ಆಗೂದೈತಿ?" ಆಮೇಲೆ ನನ್ನನ್ನು ಗುರುತು ಹಿಡಿದು ಕೇಳಿದರು.

"ತಂಗಿ... ಕೂಸ ಮಲಗತೈತೇನ್ವಾ?"

ಬಸ್ಸಿನಲ್ಲಿ ಬರುವಾಗ ಈ ಪ್ರಶ್ನೆಗೆ ಸಂತೋಷದಿಂದ ಉತ್ತರ ಹೇಳಬೇಕೆಂದೇ ಬಂದಿದ್ದೆ. ಆದರೆ ಆ ಕಣ್ಣು ನೋಡಿದ ಮೇಲೆ ನಾಲಿಗೆ ಬೇರೆಯದನ್ನೇ ಆಡಿತು. "ಇಲ್ರಿ ಕಾಕಾ. ನಿಮ್ಮ ಗಿರಣಿ ಇಲ್ದ ಮಲಗವಲ್ಲಳು. ನೀವ್ ಲಗೂ ಆರಾಮಾಗಿ ಬರಬೇಕು," ಎಂದೆ. ಅವರಿಗೆ ಸ್ವಲ್ಪ ಗೆಲುವು ಬರಲಿ ಎಂದಷ್ಟೇ. ಬಂತು ಕೂಡ. ಕಣ್ಣು ಅರಳಿತು. ಕಾಕುವಿನ ಕೈಯಿಂದ ಬಟ್ಟಲನ್ನು ತಾವೇ ಇಸಿದುಕೊಂಡು ಎರಡು ಗುಟುಕು ಕುಡಿದರು. ನಾನು ಒಳ್ಳೆಯದೇ ಮಾಡಿದೆ ಎಂದುಕೊಂಡು ವಾಪಸ್ ಬಸ್ ಹತ್ತಿದೆ.

ಕೆಲವೇ ದಿನಗಳಲ್ಲಿ ಕಾಕಾ ಹಟ ಮಾಡಿ ಊರಿಗೆ ಬಂದುಬಿಟ್ಟರು. ಇನ್ನಷ್ಟು ದಿನ ಇರಬೇಕು ಎಂದು ಡಾಕ್ಟರರು ಹೇಳಿದರೂ ಕೇಳಲಿಲ್ಲವಂತೆ. ಅವತ್ತು ಸಂಜೆ ಮುಕ್ತಾ ತನ್ನ ಸಾಲಿನಂತೆ ಎಲ್ಲ ಮುಗಿಸಿ ಕೌದಿಯೊಳಗೆ ಸೇರಿ, ಕಣ್ಣು ಮುಚ್ಚುವ ಹೊತ್ತು. ಗೋಡೆಯಾಚೆ ಮೋಟಾರು ಗುರ್ರೆಂದಿತು.

ಅವಳು ಚಂಗನೆ ಎದ್ದು ಕುಳಿತಳು. ಗೋಡೆಯ ಚಿತ್ರಗಳ ಹತ್ತಿರ ಹೋಗಿ ಒಂದೊಂದನ್ನೂ ಮುಟ್ಟಿದಳು. ಅಲ್ಲಿ ಗಿರಣಿ ಇರಲಿಲ್ಲ. ತನ್ನ ಸಾಲಿನಲ್ಲಿಲ್ಲದ್ದು ಎಲ್ಲಿಂದ ಬಂತು ಎಂಬಂತೆ ಎರಡೂ ಕಿವಿ ಮುಚ್ಚಿಕೊಂಡು ಚೀರತೊಡಗಿದಳು. ಅವಳನ್ನು ಗಂಡನ ಕೈಗೆ ಕೊಟ್ಟು ನಾನು ಗಿರಣಿಯ ಬಾಗಿಲಿಗೆ ಓಡಿದೆ. ಕಾಕಾ ಮೂಗಿಗೆ ಟವೆಲ್ ಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ಮೋಟಾರಿನ ಸಪ್ಪಳದಲ್ಲಿ ಅವಳ ಚೀರಾಟ ಅವರಿಗೆ ಕೇಳಿಸುವಂತಿರಲಿಲ್ಲ. ನನ್ನನ್ನು ಕಂಡು ಟವೆಲ್ ಸರಿಸಿ, ಆ ಹಳೆಯ ದನಿಯನ್ನು ಹುಡುಕಿಕೊಂಡವರಂತೆ ಕೂಗಿದರು. "ಮಲಗಿತೇನ್ವಾ?"

ಹೌದೆಂದು ತಲೆಯಾಡಿಸಿದೆ. ದವಾಖಾನೆಯಲ್ಲಿ ಆಡಿದ್ದಕ್ಕಾದರೂ ಒಂದು ನೆಪವಿತ್ತು. ಇದಕ್ಕೇನಿತ್ತು? ನಾಚಿಕೆ, ಅಷ್ಟೇ.

ಮರುದಿನವೂ ಗಿರಣಿ ತಿರುಗಿತು. ಅದರ ಮರುದಿನವೂ. ಮುಕ್ತಾಳ ನಿದ್ದೆ ಮತ್ತೆ ಕೆಟ್ಟಿತು. "ನೀ ಹೇಳ್ತೀಯೋ, ನಾ ಹೋಗಿ ಹೇಳ್ಲೋ?" ಎಂದರು ಗಂಡ. "ಎರಡ ದಿನಾ ತಡೀರಿ, ನಾನ ಹೇಳ್ತೇನಿ," ಎಂದೆ. ಕಾಕು ಒಂದು ಮಧ್ಯಾಹ್ನ ಬಂದು ನನ್ನ ಕೈ ಹಿಡಿದುಕೊಂಡರು. "ತಂಗಿ, ನಿನ್ನ ಮಾತ ಕೇಳ್ತಾರ. ಗಿರಣಿ ಸುರು ಮಾಡಬ್ಯಾಡ್ರಿ, ಕೂಸಿಗಿ ಬ್ಯಾರೆ ಏನರೆ ಮಾಡ್ತೇವಂತ ಹೇಳವ್ವಾ. ರಾತ್ರೆಲ್ಲಾ ಕೆಮ್ಮತಾರ." ನಾನು, "ಹೇಳ್ತೇನ್ರಿ ಕಾಕು, ಇವತ್ತ ಹೇಳ್ತೇನಿ," ಎಂದೆ. ಬಾಗಿಲ ತನಕ ಹೋದೆ. ಹೋದಾಗಲೆಲ್ಲ ಅವರು ನನ್ನನ್ನು ನೋಡಿ ನಗುತ್ತಿದ್ದರು. ಆ ನಗುವಿನ ಮುಂದೆ, ನಾನು ಹೇಳಿದ್ದು ಸುಳ್ಳು, ನೀವು ಸುಮ್ಮನೆ ಎದೆ ಸುಟ್ಟುಕೊಳ್ಳುತ್ತಿದ್ದೀರಿ ಎಂದು ಹೇಗೆ ಹೇಳುವುದು? ಹಾಗೇ ತಿರುಗಿ ಬರುತ್ತಿದ್ದೆ. ಒಂದು ವಾರ ಕಳೆದೇ ಹೋಯಿತು.

ಕೊನೆಗೆ ಹೇಳಿದವಳು ಮುಕ್ತಾ.

ಅವತ್ತು ಮೋಟಾರು ಶುರುವಾದಾಗ ಅವಳು ಚೀರಲಿಲ್ಲ. ಮಂಚದಿಂದ ಇಳಿದು, ನಾನು ಹಿಡಿಯುವ ಮೊದಲೇ ಹೊರಬಾಗಿಲು ದಾಟಿ, ನೇರ ಗಿರಣಿಗೆ ಹೋದಳು. ಮೋಟಾರಿಗೆ ಬಿಗಿದು ತಿರುಗುವ ಪಟ್ಟಾದ ಹತ್ತಿರ ಹೋದಾಳೆಂದು ನಾನು ಜೀವ ಕೈಯಲ್ಲಿ ಹಿಡಿದು ಓಡಿದೆ. ಅವಳು ಪಟ್ಟಾದ ಕಡೆ ಹೋಗಲಿಲ್ಲ. ಕಾಕಾನ ಮಣಿಕಟ್ಟನ್ನು ಹಿಡಿದಳು. ಎಳೆದಳು. ಅವರು, "ಏನ ಬೇಕ ಕೂಸಾ?" ಎನ್ನುತ್ತ ಬಾಗಿದರು. ಮುಕ್ತಾ ಅವರ ಕೈಯನ್ನು ಗೋಡೆಗಿದ್ದ ಸ್ಟಾರ್ಟರಿನ ತನಕ ಒಯ್ದು, ಅವರ ಬೆರಳನ್ನು ಕೆಂಪು ಗುಂಡಿಯ ಮೇಲೆ ಇಟ್ಟಳು. ಒತ್ತಿದಳು.

ಮೋಟಾರು ಗುನುಗುತ್ತ ಗುನುಗುತ್ತ ನಿಂತಿತು. ಗಾಳಿಯಲ್ಲಿ ಹಿಟ್ಟು ಮೆಲ್ಲಗೆ ಇಳಿಯುತ್ತಿತ್ತು. ಮುಕ್ತಾ ಕಾಕಾನ ಕೈ ಬಿಟ್ಟು, ತಿರುಗಿಯೂ ನೋಡದೆ ಮನೆಗೆ ನಡೆದಳು. ಬಾಗಿಲಿಗೆ ಬಂದಿದ್ದ ಅವಳ ಅಪ್ಪ ಅವಳ ಹಿಂದೆ ಹೋದರು.

ಕಾಕಾ ನನ್ನನ್ನು ನೋಡಿದರು.

"ಯಾವಾಗಿಂದ, ತಂಗಿ?"

"ನೀವು ದವಾಖಾನಿಯೊಳಗ ಇದ್ದಾಗಿಂದರಿ..." ಎಂದೆ.

ಅವರು ಬಯ್ಯಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದೂ ಕೇಳಲಿಲ್ಲ. ಮೂಗಿನ ಟವೆಲ್ ಬಿಚ್ಚಿ, ಅದರಿಂದಲೇ ಮುಖ, ಕತ್ತು, ಕೈ ಒರೆಸಿಕೊಂಡರು. ಒಂದು ಸಲ ಕೆಮ್ಮಿದರು. "ಹಂಗಾದ್ರ ನಾನೂ ಮಲಗ್ತೇನಿ ನಡಿ," ಎಂದು ದೀಪ ಆರಿಸಿ, ಬಾಗಿಲೆಳೆದುಕೊಂಡು ಒಳಗೆ ಹೋದರು.

ಅವತ್ತಿನ ನಂತರ ಅವರ ಗಿರಣಿ ತಿರುಗಲಿಲ್ಲ. ಕಾಕಾ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂರುತ್ತಿದ್ದರು. ಮುಕ್ತಾ ಹಾದುಹೋದರೆ ಸುಲಿದ ಶೇಂಗಾ ಕೊಡುತ್ತಿದ್ದರು. ನನ್ನ ಜೊತೆಗೂ ಮಾತಾಡುತ್ತಿದ್ದರು, ಬಿಸಿಲು ಎಷ್ಟು, ಮಾಸ್ತರರು ಬಂದರೋ ಇಲ್ಲವೋ ಎಂದು. "ಕೂಸ ಮಲಗಿತೇನ್ವಾ" ಎಂದು ಮಾತ್ರ ಮತ್ತೆಂದೂ ಕೇಳಲಿಲ್ಲ. ದಿನಾ ಕೇಳುತ್ತಿದ್ದ ಮಾತು ಅದು. ನಾನು ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ, ಚಹಾ ಕುಡಿದಿರೇನ್ರಿ ಎಂದು ಕೇಳಿ ಬಂದಿದ್ದೇನೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಹೋದರು. ಎದೆಯಲ್ಲಿ ಕುಳಿತ ಧೂಳು ಎಷ್ಟು ವರ್ಷದ್ದೋ, ಅದಕ್ಕೆ ನನ್ನ ಪಾಲು ಎಷ್ಟೋ... ಯಾವ ಡಾಕ್ಟರನ್ನೂ ನಾನು ಕೇಳಿಲ್ಲ.

ಆಮೇಲೆ ಗಂಡನಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಕಾಕು ನಿಡಗುಂದಿಯಲ್ಲಿದ್ದ ಮಗಳ ಮನೆಗೆ ಹೋದರೆಂದು ಕೇಳಿದ್ದೆ. ಇಷ್ಟು ಹತ್ತಿರ ಇದ್ದೂ ಒಮ್ಮೆಯೂ ಹೋಗಿರಲಿಲ್ಲ. ಹೋದ ವಾರ ಆ ಡಬ್ಬಿ ಬಂದ ಮೇಲೆ ತಡೆಯಲಾಗಲಿಲ್ಲ. ರವಿವಾರ ಮುಕ್ತಾಳನ್ನು ಕರೆದುಕೊಂಡು ನಿಡಗುಂದಿಯ ಬಸ್ ಹತ್ತಿದೆ.

ಕಾಕು ಬಹಳ ಇಳಿದುಹೋಗಿದ್ದರು. ಕಣ್ಣು ಮಂಜು. ಆದರೂ ನನ್ನ ದನಿಯಿಂದಲೇ ಗುರುತು ಹಿಡಿದರು. "ಇಷ್ಟ ಎತ್ತರ ಆಗ್ಯಾಳ ಕೂಸು!" ಎಂದು ಮುಕ್ತಾಳ ಗದ್ದ ಹಿಡಿಯಲು ಹೋದರು. ಅವಳು ಹಿಂದೆ ಸರಿದು, ಬಾಗಿಲ ಹತ್ತಿರ ಹೋಗಿ ನಿಂತಳು. ಈಗ ಅವಳಿಗೆ ಹದಿನಾಲ್ಕು. "ರಾತ್ರಿ ಚೊಲೊ ಮಲಗತಾಳೇನ?" ಎಂದರು ಕಾಕು. ಮಲಗುತ್ತಾಳೆ ಎಂದೆ. ಮಧ್ಯೆ ಎಚ್ಚರವಾದರೂ ತಾನೇ ಕೌದಿ ಹೊದ್ದುಕೊಂಡು ಮಲಗುತ್ತಾಳೆ ಎಂದೆ.

ಕಾಕು ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ನಿನಗೊಂದ ಮಾತ ಹೇಳಬೇಕಂತಿದ್ದೆ, ತಂಗಿ. ಅವತ್ತ ನೀ ದವಾಖಾನಿಗಿ ಬಂದು, ನೀವ್ ಇಲ್ದ ಕೂಸ ಮಲಗವಲ್ಲದು ಅಂದೆಲ್ಲ, ಅದ ಮಾತಿಗಿ ಅವರು ಎದ್ದ ಕುಂತ್ರು ನೋಡು. ಅಲ್ಲೀತನಕಾ ಗಂಜಿನೂ ಮುಟ್ಟಿರ್ಲಿಲ್ಲ. ಸಾಯೂದ ಬಾಕಿ ಅಂತಿದ್ರು. ನಿನ್ನ ಮಾತಿಗಿ ಎದ್ದ ಬಂದು ನನ್ನ ಜೋಡಿ ಇನ್ನೊಂದಿಷ್ಟ ದಿನಾ ಇದ್ರು. ನಿನ್ನ ಉಪಕಾರ ಅದು."

ನನಗೆ ಕೈ ಎಳೆದುಕೊಳ್ಳಬೇಕೆನಿಸಿತು. "ಗಿರಣಿ ಬಂದ್ ಮಾಡಿದ ದಿನಾ... ಏನರೆ ಅಂದ್ರೇನ್ರಿ ಕಾಕಾ?" ಎಂದು ಕೇಳಿದೆ.

"ಏನ ಅಂತಾರ? ಕೂಸ ದೊಡ್ಡದಾತು, ಇನ್ನ ಗಿರಣಿ ಬೇಕಾಗೂದಿಲ್ಲಂತ, ಅಂದ್ರು. ಭಾಳ ಖುಷಿಲೆ ಹೇಳಿದ್ರು."

ಅಂದರೆ ನಾನು ಸುಳ್ಳು ಹೇಳಿದ್ದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ನನ್ನ ಮಾನವನ್ನು ಮುಚ್ಚಿಟ್ಟುಕೊಂಡೇ ಹೋಗಿದ್ದರು. ನಾನಾದರೂ ಅಲ್ಲೇ ಬಾಯಿಬಿಡಬಹುದಿತ್ತು. ಆದರೆ ಆ ಮುದುಕಿಯ ಬಳಿ ಉಳಿದಿದ್ದ ಒಂದು ಒಳ್ಳೆಯ ನೆನಪನ್ನು ಕಸಿದುಕೊಂಡು, ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಸರಿಯೇ? ಅಥವಾ ಇದೂ ನನ್ನ ಹಳೆಯ ಹೇಡಿತನವೇ? ಇವತ್ತಿಗೂ ತಿಳಿದಿಲ್ಲ. ಕಾಕು ಕೊಟ್ಟ ಕುಂಕುಮ ಹಚ್ಚಿಕೊಂಡು, ಕಾಲು ಮುಟ್ಟಿ ನಮಸ್ಕರಿಸಿ ಬಂದುಬಿಟ್ಟೆ.

ಬಸ್ಸಿನಲ್ಲಿ ಮುಕ್ತಾ ಕಿಟಕಿಯ ಕಡೆ ಕುಳಿತಿದ್ದಳು. ಹೊತ್ತು ಇಳಿಯುತ್ತಿತ್ತು. ದವಾಖಾನೆಯ ಆ ಮಂಚದ ಹತ್ತಿರ ನಾನು ಏನು ಹೇಳಬೇಕಿತ್ತು ಎಂಬುದು ಇಷ್ಟು ವರ್ಷಗಳಾದ ಮೇಲೆ ಅವತ್ತು ಆ ಬಸ್ಸಿನಲ್ಲಿ ಹೊಳೆಯಿತು. ಕಾಕಾ, ಮಲಗುವುದು ಹೇಗಿರುತ್ತದೆ ಎಂದು ನನ್ನ ಮಗಳಿಗೆ ಮೊದಲು ಗೊತ್ತಾದದ್ದು ನಿಮ್ಮಿಂದ. ಈಗ ಅವಳು ತಾನೇ ಮಲಗುತ್ತಾಳೆ, ನೀವೂ ವಿಶ್ರಾಂತಿ ತೆಗೆದುಕೊಳ್ಳಿರಿ. ಎರಡೂ ನಿಜವೇ ಆಗಿದ್ದವು. ಆ 'ಇಲ್ರಿ ಕಾಕಾ' ಎಂಬುದರ ಜಾಗದಲ್ಲಿ ಎರಡನ್ನೂ ಹೇಳಬಹುದಿತ್ತು. ಕೇಳಿದ್ದರೆ ಅವರು ಇನ್ನೆರಡು ಗುಟುಕು ಗಂಜಿ ಕುಡಿದು, ಆರಾಮಾಗಿ ಅಲ್ಲೇ ಇನ್ನಷ್ಟು ದಿನ ಮಲಗಿರುತ್ತಿದ್ದರೋ ಏನೋ.

ಈಗ ಹೇಳಲು ಅವರಿಲ್ಲ.